ಝೈಮೋಸಾನ್ ಹಾಕಿದ್ರೂ ಸೆಲ್ಸ್ ಸುಮ್ನೆ ಕೂತಿದ್ರೆ ಎಲ್ಲಿಂದ ಹುಡುಕೋದು

ಹೋದ ತಿಂಗಳು ರಾತ್ರಿ ಎಂಟೂವರೆಗೆ ನಮ್ಮ ಲ್ಯಾಬಿನ ಹೊಸ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುಡುಗಿ ಬಂದು "ಅಕ್ಕಾ, ಮೂರನೇ ಸಲ ಎಲೈಸಾ ಮಾಡಿದ್ದೀನಿ, ಝೈಮೋಸಾನ್ ವೆಲ್ಸ್ ಎಲ್ಲಾ ಕಂಟ್ರೋಲ್ ಥರಾನೇ ಇದೆ, ಪೌಡರ್ರೇ ಕೆಟ್ಟಿರ್ಬೇಕು, ಹೊಸದಕ್ಕೆ ಇಂಡೆಂಟ್ ಹಾಕ್ಲಾ" ಅಂದ್ಲು. (ಎಲೈಸಾ ಅಂದ್ರೆ ಸೆಲ್ಸ್ ಹೊರಬಿಟ್ಟ ಪ್ರೋಟೀನ್ ಎಷ್ಟು ಅಂತ ಅಳೆಯೋ ಟೆಸ್ಟ್, ವೆಲ್ ಅಂದ್ರೆ ಪ್ಲೇಟಿನ ಪುಟ್ಟ ಗುಳಿ.) "ಇಂಡೆಂಟ್ ಆಮೇಲೆ ಹಾಕುವಂತೆ, ಮೊದ್ಲು ಆ ಟ್ಯೂಬ್ ತಗೊಂಬಾ" ಅಂದೆ. ಬೆಳಕಿಗೆ ಹಿಡಿದು ನೋಡಿದ್ರೆ ತಳದಲ್ಲಿ ಬಿಳೀ ಗಸಿ, ಮೇಲೆ ತಿಳಿನೀರು. ಮೂರು ಸಲವೂ ಅವಳು ಹಾಕಿದ್ದು ಆ ಮೇಲಿನ ತಿಳೀನೇ. ಮಜ್ಜಿಗೆ ಕದಡದೆ ಮೇಲಿನ ನೀರು ಬಗ್ಗಿಸಿ ಕುಡಿದು, ಇದ್ರಲ್ಲಿ ರುಚಿಯೇ ಇಲ್ಲ ಅಂದ ಹಾಗಾಯ್ತು.

ಇದನ್ನ ಬರೀತಿರೋದು ಅದಕ್ಕೇನೇ. ಝೈಮೋಸಾನ್ ಅಂದ್ರೆ ಬ್ರೆಡ್ಡಿಗೆ ಹಾಕೋ ಯೀಸ್ಟ್ ಇದ್ಯಲ್ಲ, ಸ್ಯಾಕರೋಮೈಸಿಸ್ ಸೆರೆವಿಸಿಯೆ, ಅದರ ಕೋಶಗೋಡೆಯಿಂದ ಮಾಡಿದ ಕಣಗಳು. ಒಂದೊಂದು ಕಣ ಸುಮಾರು 3 ಮೈಕ್ರಾನ್, ಅದರಲ್ಲಿ ಬೀಟಾ ಗ್ಲೂಕಾನ್, ಮ್ಯಾನಾನ್, ಪ್ರೋಟೀನ್, ಸ್ವಲ್ಪ ಕೈಟಿನ್, ಸ್ವಲ್ಪ ಕೊಬ್ಬು ಎಲ್ಲಾ ಸೇರಿರತ್ತೆ. 1941ರಲ್ಲಿ ಅಮೆರಿಕದ ಪಿಲ್ಲೆಮರ್ ಮತ್ತು ಎಕರ್ ಯೀಸ್ಟ್‌ನಲ್ಲಿರೋ ಕಾಂಪ್ಲಿಮೆಂಟ್-ವಿರೋಧಿ ಅಂಶದ (ಕಾಂಪ್ಲಿಮೆಂಟ್ ಅಂದ್ರೆ ರಕ್ತದಲ್ಲಿರೋ ರೋಗನಿರೋಧಕ ಪ್ರೋಟೀನ್‌ಗಳ ಗುಂಪು) ಬಗ್ಗೆ ಬರೆದಾಗಿಂದ ಉರಿಯೂತದ ಪ್ರಯೋಗಗಳಲ್ಲಿ ಇದನ್ನ ಬಳಸ್ತಾನೇ ಬಂದಿದ್ದಾರೆ, ಮ್ಯಾಕ್ರೋಫೇಜ್ (ಕಣ ನುಂಗೋ ರೋಗನಿರೋಧಕ ಸೆಲ್) ನುಂಗೋದನ್ನ ನೋಡೋಕೆ, ನ್ಯೂಟ್ರೋಫಿಲ್ (ಒಂದು ಥರದ ಬಿಳಿ ರಕ್ತಕಣ) ಮಾಡೋ ಆಕ್ಸಿಡೇಟಿವ್ ಬರ್ಸ್ಟ್ ಅಳೆಯೋಕೆ, ಇಲಿ ಹೊಟ್ಟೆಯಲ್ಲಿ ಪೆರಿಟೋನೈಟಿಸ್ (ಹೊಟ್ಟೆಯೊಳಗಿನ ಪೊರೆಯ ಉರಿಯೂತ) ತರಿಸೋಕೆ. ಎರಡು ವಿಷಯ ಮಾತ್ರ ತಲೇಲಿಟ್ಕೊಳ್ಳಿ. ಇದು ನೀರಲ್ಲಿ ಕರಗಲ್ಲ, ತೇಲತ್ತೆ, ಆಮೇಲೆ ಮುಳುಗತ್ತೆ. ಮತ್ತೆ ಇದು ಒಂದು ಮಾಲಿಕ್ಯೂಲ್ ಅಲ್ಲ, ಮಿಶ್ರಣ. ನಾನು ನೋಡಿರೋ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲಿ ಒಂದನ್ನ ಮರೆತಿದ್ದರಿಂದ ಆಗಿದ್ದು. ಖರ್ಚಿಲ್ಲದ ಚೆಕ್‌ಗಳನ್ನ ಮೊದಲು ಹೇಳ್ತೀನಿ, ದುಡ್ಡು ಬೇಡೋವು ಕೊನೆಗೆ.

ಟ್ಯೂಬಲ್ಲಿ ಗಂಟುಗಂಟಾಗಿದೆ

ರಾಗಿ ಅಂಬಲಿಗೆ ಬಿಸಿನೀರಿಗೆ ನೇರ ಹಿಟ್ಟು ಸುರಿದ್ರೆ ಏನಾಗತ್ತೆ, ಅದೇ. ಒಣಪುಡಿ ಮೇಲೆ ಒಂದೇ ಸಲ 10 ಎಂಎಲ್ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಸುರಿದ್ರೆ ಹೊರಗೆ ಒದ್ದೆ, ಒಳಗೆ ಒಣ, ಅಂಥ ಗಂಟು ವೋರ್ಟೆಕ್ಸ್‌ಗೂ ಬಗ್ಗಲ್ಲ. ಮೊದಲು ಸ್ವಲ್ಪವೇ ಪಿಬಿಎಸ್ ಹಾಕಿ ಪೇಸ್ಟ್ ಥರ ಮಾಡ್ಕೊಳ್ಳಿ, ಆಮೇಲೆ ತುಂಬಿಸಿ.

ಕಣ್ಣಿಗೆ ಗಂಟು ಕಾಣ್ಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. 10 ಮೈಕ್ರೋಲೀಟರ್ ತೆಗೆದು ಸ್ಲೈಡ್ ಮೇಲೆ ಹಾಕಿ 40ರ ಲೆನ್ಸಲ್ಲಿ ನೋಡಿ, ಎರಡು ನಿಮಿಷದ ಕೆಲಸ, ಪೈಸಾ ಖರ್ಚಿಲ್ಲ. ಒಂಟಿ ಕಣ, ಜೋಡಿ ಕಣ ಇದ್ರೆ ಸರಿ. ದ್ರಾಕ್ಷಿ ಗೊಂಚಲು ಥರ ಇಪ್ಪತ್ತು ಮೂವತ್ತು ಅಂಟ್ಕೊಂಡಿದ್ರೆ ಎಷ್ಟೋ ಮ್ಯಾಕ್ರೋಫೇಜ್‌ಗೆ ಅದನ್ನ ನುಂಗೋಕಾಗಲ್ಲ, ಕೆಲವು ಸೆಲ್‌ಗೆ ಹಬ್ಬದೂಟ, ಮಿಕ್ಕವಕ್ಕೆ ಉಪವಾಸ. ಹಾಗಿದ್ರೆ ಕುದಿಯೋ ವಾಟರ್ ಬಾತ್‌ನಲ್ಲಿ 30 ನಿಮಿಷ ಇಟ್ಟು, ತಣ್ಣಗಾದ್ಮೇಲೆ 500 ಜಿನಲ್ಲಿ 10 ನಿಮಿಷ ತಿರುಗಿಸಿ ಎರಡು ಸಲ ತೊಳೆದು, ಸೋನಿಕೇಟರ್‌ನಲ್ಲಿ ಐಸ್ ಮೇಲಿಟ್ಟು ಚಿಕ್ಕ ಚಿಕ್ಕ ಪಲ್ಸ್ ಕೊಡಿ, ಮಧ್ಯೆ ಮಧ್ಯೆ ಸ್ಲೈಡ್ ನೋಡ್ತಾ. ಸಿಕ್ಕಾಪಟ್ಟೆ ಸೋನಿಕೇಟ್ ಮಾಡಿದ್ರೆ ಕಣಗಳೇ ಪುಡಿಪುಡಿ ಆಗಿ ಬೇರೆ ಥರ ವರ್ತಿಸುತ್ವೆ, ಅದೂ ಬೇಡ. ಸೋನಿಕೇಟ್ ಆಗಲಿಲ್ಲ ಅಂದ್ರೆ ಸೂಜಿ ಸಿರಿಂಜಲ್ಲಿ ಹತ್ತಾರು ಸಲ ಎಳೆದು ಬಿಟ್ರೂ ಎಷ್ಟೋ ಬಿಡತ್ತೆ, ಆದ್ರೆ ಕೈಗೆ ಚುಚ್ಕೊಬೇಡಿ.

ಎಚ್ಚರಿಕೆ: ಪುಡಿ ತೂಗುವಾಗ ಮಾಸ್ಕ್ ಹಾಕಿ, ಫ್ಯಾನ್ ಆರಿಸಿ, ಇದು ಉರಿಯೂತ ತರಿಸೋ ವಸ್ತು, ಶ್ವಾಸಕೋಶ ಅದಕ್ಕೆ ಹೊರತಲ್ಲ. ಕುದಿಸುವಾಗ ಟ್ಯೂಬಿನ ಮುಚ್ಚಳ ಬಿಗಿಯಾಗಿ ಹಾಕಿಟ್ರೆ ಟಪ್ ಅಂತ ಹಾರತ್ತೆ. ಕ್ಯಾಪ್ ಲಾಕ್ ಹಾಕಿ, ಇಲ್ಲ ಅರ್ಧ ಸಡಿಲ ಬಿಡಿ, ಮುಖ ಆಕಡೆ ಇರ್ಲಿ. ಸೋನಿಕೇಟರ್‌ಗೆ ಇಯರ್ ಮಫ್.

ಮೂರು ವೆಲ್‌ನಲ್ಲಿ ಮೂರು ಥರ ರೀಡಿಂಗ್

ಟ್ರಿಪ್ಲಿಕೇಟ್ ಚೆಲ್ಲಾಪಿಲ್ಲಿ ಬಂದ್ರೆ ಎಲ್ಲರೂ ಪಿಪೆಟ್ ಕ್ಯಾಲಿಬ್ರೇಶನ್ ಬೈತಾರೆ. ಪ್ಲೇಟ್ ಮ್ಯಾಪ್ ತೆಗೆದು ನಂಬರ್‌ಗಳನ್ನ ನೀವು ಹಾಕಿದ ಆರ್ಡರ್‌ನಲ್ಲೇ ಬರೆದು ನೋಡಿ. ಮೊದಲ ವೆಲ್‌ನಿಂದ ಕೊನೆ ವೆಲ್‌ಗೆ ಮೆಲ್ಲಗೆ ಇಳೀತಾ ಅಥವಾ ಏರ್ತಾ ಹೋಗಿದ್ರೆ ಟ್ಯೂಬಲ್ಲಿ ಕಣ ಮುಳುಗ್ತಾ ಇತ್ತು ಅಂತ ಅರ್ಥ. ಯಾವ ಆರ್ಡರೂ ಇಲ್ದೆ ಎಗರಾಡ್ತಿದ್ರೆ ಗಂಟು, ಹಿಂದಿನ ಸೆಕ್ಷನ್‌ಗೆ ವಾಪಸ್ ಹೋಗಿ. ಪ್ಲೇಟಿನ ಅಂಚಿನ ವೆಲ್‌ಗಳು ಮಾತ್ರ ಬೇರೆ ಇದ್ರೆ ಅದು ಆವಿಯಾಗೋ ಸಮಸ್ಯೆ, ಝೈಮೋಸಾನ್ ತಪ್ಪಲ್ಲ.

ನಮ್ಮ ಹುಡುಗಿಗೆ ನಾನು ಮಾಡಿ ತೋರಿಸಿದ್ದು ಇಷ್ಟೇ. ಟ್ಯೂಬ್ ವೋರ್ಟೆಕ್ಸ್ ಮಾಡಿ ಸ್ಟ್ಯಾಂಡಿಗಿಟ್ಟು, ಮೇಲ್ಭಾಗದಿಂದ 10 ಮೈಕ್ರೋಲೀಟರ್ ತಕ್ಷಣ ಒಂದು ಸಲ, ಹದಿನೈದು ನಿಮಿಷ ಬಿಟ್ಟು ಅದೇ ಜಾಗದಿಂದ ಇನ್ನೊಂದು ಸಲ ತೆಗೆದು, ಎರಡನ್ನೂ ನ್ಯೂಬಾಯರ್ ಚೇಂಬರ್‌ನಲ್ಲಿ (ಚೌಕ ಗೆರೆ ಹಾಕಿದ ಎಣಿಕೆ ಗಾಜು) ಎಣಿಸಿದ್ವಿ. ಎರಡನೇದರಲ್ಲಿ ಅರ್ಧಕ್ಕಿಂತ ಕಮ್ಮಿ. ಅವಳು ಏನೂ ಮಾತಾಡದೆ ನೋಟ್‌ಬುಕ್‌ನಲ್ಲಿ ಬರ್ಕೊಂಡ್ಲು. ಅವತ್ತಿಂದ ಎರಡೆರಡು ವೆಲ್‌ಗೊಂದು ಸಲ ಟ್ಯೂಬ್ ತಿರುವಿ ಹಾಕ್ತಾಳೆ, ಟ್ರಿಪ್ಲಿಕೇಟ್ ಕೂಡಿ ಬರ್ತಿದೆ.

ಎಣಿಸೋದು ಬಂದಿದ್ದಕ್ಕೆ ಇನ್ನೊಂದು ಮಾತು. "50 ಮೈಕ್ರೋಗ್ರಾಂ ಪ್ರತಿ ಎಂಎಲ್‌ಗೆ" ಅಂತ ಬರೆಯೋದು ರೂಢಿ, ಆದ್ರೆ ಸೆಲ್‌ಗೆ ತೂಕ ಗೊತ್ತಾಗಲ್ಲ, ಎಷ್ಟು ಕಣ ಬಂದು ತಾಗಿದ್ವು ಅನ್ನೋದು ಗೊತ್ತಾಗತ್ತೆ. ಲಾಟ್ ಬದಲಾದಾಗೆಲ್ಲ ಎಣಿಸಿ. ಮೂಲೆಯ ದೊಡ್ಡ ಚೌಕಗಳ ಸರಾಸರಿ 62 ಬಂತು, ನೀವು 100 ಪಟ್ಟು ಡೈಲ್ಯೂಟ್ ಮಾಡಿದ್ರಿ ಅಂದ್ರೆ 62 ಗುಣಿಸು 100 ಗುಣಿಸು 10,000, ಅಂದ್ರೆ ಎಂಎಲ್‌ಗೆ 6 ಕೋಟಿ 20 ಲಕ್ಷ ಕಣ. ಸೆಲ್‌ಗೆ 5 ಅಥವಾ 10 ಕಣದ ಲೆಕ್ಕದಲ್ಲಿ ಹಾಕಿದ್ರೆ ಹೋದ ವರ್ಷದ ಡೇಟಾಗೂ ಈ ವರ್ಷದ್ದಕ್ಕೂ ಹೋಲಿಸಬಹುದು.

ಹಾಗೇ ಎಲೈಸಾಗೆ ಸೂಪರ್‌ನೇಟೆಂಟ್ (ಸೆಲ್ಸ್ ಮೇಲಿನ ದ್ರವ) ತೆಗೆಯೋವಾಗ ಒಂದು ಸಲ ಸೆಂಟ್ರಿಫ್ಯೂಜ್ ಮಾಡಿ. ಕಣ ಉಳ್ಕೊಂಡ್ರೆ ಬೆಳಕನ್ನ ಚದುರಿಸಿ ಓಡಿ ರೀಡಿಂಗ್ (ಆಪ್ಟಿಕಲ್ ಡೆನ್ಸಿಟಿ) ಸುಮ್ಸುಮ್ನೆ ಏರಿಸುತ್ತೆ, ಸೆಲ್ಸ್ ಬದುಕಿವೆಯಾ ನೋಡೋ ಎಂಟಿಟಿ ಟೆಸ್ಟ್ ರೀಡಿಂಗ್‌ನಲ್ಲೂ ಇದೇ ಕಾಟ.

ಕಣ ಸರಿಯಾಗಿದೆ, ಆದ್ರೂ ಸಿಗ್ನಲ್ಲೇ ಇಲ್ಲ

ಈಗ ಸೆಲ್ಸ್ ಕಡೆ ನೋಡಿ. ಅದೇ ಪ್ಲೇಟಲ್ಲಿ ಎಲ್‌ಪಿಎಸ್ (ಬ್ಯಾಕ್ಟೀರಿಯಾ ಗೋಡೆಯ ಅಂಶ, ಎಂಡೋಟಾಕ್ಸಿನ್ ಅನ್ನೋದೂ ಇದನ್ನೇ) ವೆಲ್ ಇಟ್ಟಿದ್ರಾ? ಇಟ್ಟಿಲ್ಲ ಅಂದ್ರೆ ಆ ಪ್ರಯೋಗದಿಂದ ಏನೂ ಹೇಳೋಕಾಗಲ್ಲ, ಇನ್ನೊಂದು ಸಲ ಮಾಡಿ. ಎಲ್‌ಪಿಎಸ್‌ಗೂ ಸೆಲ್ಸ್ ಮಿಸುಕ್ತಿಲ್ಲ ಅಂದ್ರೆ ಸೆಲ್ಸ್ ಸುಸ್ತಾಗಿವೆ ಅಥವಾ ಎಲೈಸಾ ಕೈ ಕೊಟ್ಟಿದೆ. ಪ್ಯಾಸೇಜ್ ನಂಬರ್ ನೋಡಿ, ಮೈಕೋಪ್ಲಾಸ್ಮಾ ಟೆಸ್ಟ್ ಮಾಡಿ, ಕಿಟ್‌ನ ಸ್ಟ್ಯಾಂಡರ್ಡ್ ಕರ್ವ್ ನೋಡಿ.

ಎಲ್‌ಪಿಎಸ್‌ಗೆ ಕುಣೀತಾವೆ ಝೈಮೋಸಾನ್‌ಗೆ ಮಾತ್ರ ಇಲ್ಲ ಅಂದ್ರೆ ರಿಸೆಪ್ಟರ್ ವಿಷಯ, ಅಂದ್ರೆ ಕಣವನ್ನ ಗುರುತಿಸೋ ಸೆಲ್ ಮೇಲಿನ ಪ್ರೋಟೀನ್‌ಗಳದ್ದು. ಡೆಕ್ಟಿನ್-1, ಟಿಎಲ್‌ಆರ್-2 ಅಂಥವೇ. ರಾ 264.7 (ಮೌಸ್‌ನ ಮ್ಯಾಕ್ರೋಫೇಜ್ ಸೆಲ್ ಲೈನ್) ಸೆಲ್ಸ್‌ನಲ್ಲಿ ಡೆಕ್ಟಿನ್-1 ತುಂಬಾ ಕಮ್ಮಿ, ಅವು ಹೆಚ್ಚಾಗಿ ಟಿಎಲ್‌ಆರ್-2 ಕಡೆಯಿಂದ ಉತ್ತರ ಕೊಡೋದು. ಹಾಗಾಗಿ ಡೆಕ್ಟಿನ್-1 ಸ್ಟಡಿಗೆ ಅವನ್ನ ತಗೊಂಡು ಏನೂ ಬರ್ತಿಲ್ಲ ಅಂತ ಅತ್ರೆ, ಬರೋದಾದ್ರೂ ಎಲ್ಲಿಂದ. ಟಿಎಚ್‌ಪಿ-1 (ಮನುಷ್ಯನ ಮಾನೋಸೈಟ್ ಸೆಲ್ ಲೈನ್) ಆದ್ರೆ ಪಿಎಂಎ ಕೊಟ್ಟು ತಳಕ್ಕೆ ಅಂಟಿಸಿ ಮ್ಯಾಕ್ರೋಫೇಜ್ ಥರ ಮಾಡದೆ, ತೇಲ್ತಿರೋ ಸೆಲ್ಸ್‌ಗೇ ಹಾಕಿದ್ರೆ ಉತ್ತರ ಸಪ್ಪೆ. ಪಿಎಂಎ ಟ್ಯೂಮರ್ ಪ್ರೊಮೋಟರ್, ಡಿಎಂಎಸ್‌ಒನಲ್ಲಿ ಕರಗಿಸಿರ್ತೀರಿ, ಡಿಎಂಎಸ್‌ಒ ಅದನ್ನ ಚರ್ಮದೊಳಗೆ ಎಳ್ಕೊಂಡು ಹೋಗತ್ತೆ, ಗ್ಲೌಸ್ ಬಿಟ್ಟು ಮುಟ್ಟಲೇಬೇಡಿ.

ಟೈಮೂ ನೋಡ್ಕೊಳ್ಳಿ. ಸೆಲ್ಸ್ ಬಿಡೋ ಸಂದೇಶ ಪ್ರೋಟೀನ್‌ಗಳಲ್ಲಿ (ಟಿಎನ್‌ಎಫ್, ಐಎಲ್-10, ಐಎಲ್-12 ಇಂಥವು) ಟಿಎನ್‌ಎಫ್ ಬೇಗ ಏರತ್ತೆ, 4 ರಿಂದ 6 ಗಂಟೆಗೆ ಒಂದು ಪಾಯಿಂಟ್ ಇರ್ಲೇಬೇಕು, ಬರೀ ಮರುದಿನ ಬೆಳಿಗ್ಗೆ ಬಂದು ತೆಗೆದ್ರೆ ಅರ್ಧ ಕಥೆ ಮುಗಿದಿರತ್ತೆ. ಐಎಲ್-12 ಹುಡುಕ್ತಿದ್ರೆ ನಿರಾಸೆ ಆಗ್ಬೇಡಿ, ಝೈಮೋಸಾನ್‌ನ ಸ್ವಭಾವವೇ ಐಎಲ್-10 ಜಾಸ್ತಿ, ಐಎಲ್-12 ಕಮ್ಮಿ. ಅದು ದೋಷ ಅಲ್ಲ, ರಿಸಲ್ಟ್.

ಸೀರಂ ಹಾಕಿ ಆಪ್ಸನೈಸ್ ಮಾಡಿದ್ರೂ ಹೆಚ್ಚೇನೂ ಬದಲಾಗ್ಲಿಲ್ಲ

ಆಪ್ಸನೈಸ್ ಅಂದ್ರೆ ಸೀರಂನ ಪ್ರೋಟೀನ್‌ಗಳನ್ನ ಕಣಕ್ಕೆ ಲೇಪಿಸಿ ಸೆಲ್ಸ್ ಸುಲಭವಾಗಿ ನುಂಗೋ ಹಾಗೆ ಮಾಡೋದು. ಇಲ್ಲಿ ಮೊದಲ ಪ್ರಶ್ನೆ, ಆ ಸೀರಂ ಹೀಟ್ ಇನ್‌ಆಕ್ಟಿವೇಟ್ ಮಾಡಿದ್ದಾ? ಕಲ್ಚರ್ ರೂಮಿನ ಫ್ರಿಜ್‌ನಲ್ಲಿರೋದು ಬಹುಪಾಲು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದೇ, ಅದ್ರಲ್ಲಿ ಕಾಂಪ್ಲಿಮೆಂಟ್ ಸತ್ತಿರತ್ತೆ. ತಾಜಾ ಸೀರಂ ಬೇಕು, ಅಥವಾ ತೆಗೆದ ದಿನವೇ ಮೈನಸ್ 80ರಲ್ಲಿಟ್ಟ ಅಲಿಕ್ವಾಟ್, ಅದೂ ಒಂದೇ ಸಲ ಕರಗಿಸಿದ್ದು. ಇಡಿಟಿಎ ಟ್ಯೂಬಲ್ಲಿ ತೆಗೆದ ಪ್ಲಾಸ್ಮಾ ನಡೆಯಲ್ಲ, ಇಡಿಟಿಎ ಮೆಗ್ನೀಶಿಯಮ್ಮು ಕ್ಯಾಲ್ಶಿಯಮ್ಮು ಎರಡನ್ನೂ ಹಿಡ್ಕೊಂಡು ಬಿಡತ್ತೆ, ಮೆಗ್ನೀಶಿಯಂ ಇಲ್ದೆ ಆಲ್ಟರ್ನೇಟಿವ್ ಪಾಥ್‌ವೇ (ಝೈಮೋಸಾನ್ ಕಾಂಪ್ಲಿಮೆಂಟನ್ನ ಎಬ್ಬಿಸೋ ದಾರಿ) ಅಲುಗಾಡಲ್ಲ.

ಎರಡನೇದು ಉಷ್ಣತೆ. ಎಂಎಲ್‌ಗೆ 10 ಮಿಲಿಗ್ರಾಂ ಝೈಮೋಸಾನ್ ಸೀರಂನಲ್ಲಿ 37 ಡಿಗ್ರಿಯಲ್ಲಿ 30 ನಿಮಿಷ, ತಿರುಗ್ತಾ ಇರ್ಬೇಕು, ಎಸಿ ರೂಮಿನ ಬೆಂಚ್ ಮೇಲೆ ಅಲ್ಲ. ಇದರ ಹಿಂದೆ ಚಂದದ ಇತಿಹಾಸ ಇದೆ. ಪಿಲ್ಲೆಮರ್ ತಂಡದವರು ಮನುಷ್ಯನ ಸೀರಂ ಜತೆ ಝೈಮೋಸಾನನ್ನ 17 ಡಿಗ್ರಿಯಲ್ಲಿ ಇಟ್ಟು ಕಣಗಳನ್ನ ತೆಗೆದುಬಿಟ್ರು. ಉಳಿದ ಸೀರಂಗೆ ಆಮೇಲೆ 37 ಡಿಗ್ರಿಯಲ್ಲಿ ಹೊಸ ಝೈಮೋಸಾನ್ ಕೊಟ್ರೂ ಸಿ3 (ಕಾಂಪ್ಲಿಮೆಂಟ್‌ನ ಒಂದು ಪ್ರೋಟೀನ್) ಖರ್ಚಾಗ್ಲಿಲ್ಲ. ತಣ್ಣಗಿದ್ದಾಗ ಏನೋ ಒಂದು ಕಣಕ್ಕೆ ಅಂಟ್ಕೊಂಡು ಹೊರಟುಹೋಗಿತ್ತು, ಅದಕ್ಕೇ 1954ರಲ್ಲಿ ಪ್ರೊಪರ್ಡಿನ್ ಅಂತ ಹೆಸರಿಟ್ಟಿದ್ದು. ಆಗ ಅದನ್ನ ಎಷ್ಟೋ ಜನ ನಂಬಲಿಲ್ಲ. ಪಿಲ್ಲೆಮರ್ 1957ರಲ್ಲೇ ತೀರ್ಕೊಂಡ್ರು, ಅವರು ಹೇಳಿದ್ದು ಸರಿ ಅಂತ ಎಲ್ಲರೂ ಒಪ್ಪಿದ್ದು ಆಮೇಲೆ. ಬೆಂಗಳೂರಿನ ಡಿಸೆಂಬರ್ ರಾತ್ರಿ ಇನ್‌ಕ್ಯುಬೇಟರ್ ಆಫ್ ಆಗಿದ್ರೆ ನಿಮ್ಮ ಟ್ಯೂಬಲ್ಲೂ ಹೆಚ್ಚೂಕಮ್ಮಿ ಅದೇ ಪ್ರಯೋಗ ನಡೀತಿರತ್ತೆ, ನೀವು ಕೇಳದೇನೇ.

ಲೂಮಿನಾಲ್ ಹೊಳೆಯೋದೇ ಇಲ್ಲ

ಲೂಮಿನಾಲ್ ಅಂದ್ರೆ ಆಕ್ಸಿಡೈಸ್ ಆದಾಗ ಬೆಳಕು ಬಿಡೋ ರಾಸಾಯನಿಕ. ಅದರ ಜತೆ ನ್ಯೂಟ್ರೋಫಿಲ್‌ಗೆ ಆಪ್ಸನೈಸ್ಡ್ ಝೈಮೋಸಾನ್ ಕೊಟ್ರೆ ಕೆಲವೇ ನಿಮಿಷದಲ್ಲಿ ಬೆಳಕು ಏರೋಕೆ ಶುರುವಾಗ್ಬೇಕು. ಏರ್ಲಿಲ್ಲ ಅಂದ್ರೆ ಬಫರ್ ಬಾಟಲಿಯ ಲೇಬಲ್ ಓದಿ, ಸೋಡಿಯಂ ಅಝೈಡ್ ಅಂತ ಇದ್ಯಾ? ಇದ್ರೆ ಅಲ್ಲಿಗೆ ಮುಗೀತು, ಲೂಮಿನಾಲ್ ಬೆಳಗೋಕೆ ನ್ಯೂಟ್ರೋಫಿಲ್‌ನ ಮೈಲೋಪೆರಾಕ್ಸಿಡೇಸ್ ಎಂಝೈಮ್ ಬೇಕು, ಅಝೈಡ್ ಅದನ್ನೇ ಕಟ್ಟಿಹಾಕತ್ತೆ. ಕಣ ಕೆಡದೇ ಇರ್ಲಿ ಅಂತ ಯಾರೋ ಸೀನಿಯರ್ ಸ್ಟಾಕಿಗೆ ಅಝೈಡ್ ಹಾಕಿಟ್ಟು ಪಿಎಚ್‌ಡಿ ಮುಗಿಸಿ ಹೋಗಿರ್ತಾರೆ, ಲೇಬಲ್ ಮೇಲೆ ಬರೆದಿರಲ್ಲ. ತೊಳೆದು ನೋಡಿ.

ಮಿಕ್ಕಿದ್ದು ಬೇಗ ಹೇಳ್ತೀನಿ. ಫೀನಾಲ್ ರೆಡ್ ಇರೋ ಮೀಡಿಯಾ ಬೆಳಕು ನುಂಗತ್ತೆ, ಕ್ಯಾಲ್ಶಿಯಂ ಮೆಗ್ನೀಶಿಯಂ ಇರೋ ಹ್ಯಾಂಕ್ಸ್ ಬಫರ್ ಹಾಕಿ. ಪ್ಲೇಟ್ ಬಿಳಿ ಇರ್ಲಿ, ಕಪ್ಪು ಫ್ಲೋರೆಸೆನ್ಸ್‌ಗೆ. ರೀಡರ್ 37 ಡಿಗ್ರಿಗೆ ಮೊದಲೇ ಕಾದಿರ್ಲಿ. ನ್ಯೂಟ್ರೋಫಿಲ್ ಬೆಳಿಗ್ಗೆ ತೆಗೆದು ಸಂಜೆ ಬಳಸೋ ಸರಕಲ್ಲ, ಕಾಫಿಗೆ ಹೋಗೋದಿದ್ರೆ ರಕ್ತ ತೆಗೆಯೋಕೆ ಮುಂಚೆ ಹೋಗ್ಬನ್ನಿ.

ಎಚ್ಚರಿಕೆ: ಅಝೈಡ್ ದ್ರಾವಣ ಸಿಂಕಿಗೆ ಸುರಿಯಬೇಡಿ, ಸೀಸ ತಾಮ್ರದ ಪೈಪಲ್ಲಿ ಸಿಡಿಯೋ ಲವಣ ಆಗತ್ತೆ, ಆಸಿಡ್ ಜತೆ ಸೇರಿದ್ರೆ ವಿಷಾನಿಲ. ಕೆಮಿಕಲ್ ವೇಸ್ಟ್ ಕ್ಯಾನಿಗೇ ಹೋಗ್ಬೇಕು. ಮನುಷ್ಯನ ರಕ್ತ ಅಂದ್ಮೇಲೆ ಎಥಿಕ್ಸ್ ಕಮಿಟಿ ಒಪ್ಪಿಗೆ, ಹೆಪಟೈಟಿಸ್ ಬಿ ಲಸಿಕೆ ಎರಡೂ ಆಗಿರ್ಬೇಕು. "ನನ್ನ ರಕ್ತಾನೇ ಅಲ್ವಾ ಅಕ್ಕಾ" ಅಂದ್ರೆ ನಾನು ಒಪ್ಪಲ್ಲ. ಸೂಜಿ ಚುಚ್ಕೊಂಡ್ರೆ ಸೋಪು ನೀರಲ್ಲಿ ತೊಳೆದು ತಕ್ಷಣ ಡಾಕ್ಟರ್ ಹತ್ರ, ಪ್ಲೇಟ್ ಓದಿ ಮುಗಿಸಿ ಹೋಗ್ತೀನಿ ಅನ್ನಬೇಡಿ.

ಎಂಡೋಟಾಕ್ಸಿನ್ ಟೆಸ್ಟ್ ಪಾಸಿಟಿವ್ ಬಂದಿದೆ, ರಿವ್ಯೂವರ್ ಬೈತಿದ್ದಾರೆ

ಇದು ನನಗೆ ಒಂದು ವರ್ಷ ನುಂಗಿದ ತೊಂದರೆ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಎಲ್‌ಎಎಲ್ ಟೆಸ್ಟ್ ಅಂದ್ರೆ ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ಮಾಡೋದು. ಅದ್ರಲ್ಲಿ ಗಡ್ಡೆ ಕಟ್ಟೋಕೆ ಎರಡು ಬಾಗಿಲು. ಫ್ಯಾಕ್ಟರ್ ಸಿ ಎಲ್‌ಪಿಎಸ್‌ಗೆ ತೆರ್ಕೊಳತ್ತೆ, ಫ್ಯಾಕ್ಟರ್ ಜಿ ಬೀಟಾ ಗ್ಲೂಕಾನ್‌ಗೆ ತೆರ್ಕೊಳತ್ತೆ. ಝೈಮೋಸಾನ್ ತುಂಬಾ ಇರೋದೇ ಬೀಟಾ ಗ್ಲೂಕಾನ್! ಹಾಗಾಗಿ ಒಂದು ಚೂರೂ ಎಂಡೋಟಾಕ್ಸಿನ್ ಇಲ್ಲದ ಝೈಮೋಸಾನ್ ಕೂಡ ಮಾಮೂಲಿ ಎಲ್‌ಎಎಲ್‌ನಲ್ಲಿ ಪಾಸಿಟಿವ್ ಬರಬಹುದು. ನಾನು ಇದು ಗೊತ್ತಿಲ್ದೆ ಮೂರು ಲಾಟ್ ಎಸೆದಿದ್ದೀನಿ, ಹೊಟ್ಟೆ ಉರಿಯತ್ತೆ ಈಗ ನೆನೆಸ್ಕೊಂಡ್ರೆ.

ಕಡಿಮೆ ಖರ್ಚಿನ ಚೆಕ್ ಇದು. ಎಂಎಲ್‌ಗೆ 10 ಮೈಕ್ರೋಗ್ರಾಂ ಪಾಲಿಮಿಕ್ಸಿನ್ ಬಿ (ಎಲ್‌ಪಿಎಸ್‌ಗೆ ಅಂಟಿ ಅದನ್ನ ತಡೆಯೋ ಔಷಧ) ಜತೆ ಮೊದಲೇ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಸೆಲ್ಸ್‌ಗೆ ಕೊಡಿ, ಪಕ್ಕದಲ್ಲಿ ಕಮ್ಮಿ ಡೋಸ್ ಎಲ್‌ಪಿಎಸ್‌ಗೂ ಹಾಗೇ ಮಾಡಿ. ಎಲ್‌ಪಿಎಸ್ ಸಿಗ್ನಲ್ ಬಿದ್ದು ಝೈಮೋಸಾನ್‌ದು ಹಾಗೇ ಉಳಿದ್ರೆ ನೀವು ನೋಡ್ತಿರೋದು ಝೈಮೋಸಾನನ್ನೇ. ಎರಡೂ ಬಿದ್ರೆ ಕಲ್ಮಶ ನಿಜ. ದುಡ್ಡಿದ್ರೆ ರೀಕಾಂಬಿನಂಟ್ ಫ್ಯಾಕ್ಟರ್ ಸಿ ಟೆಸ್ಟ್, ಇಲ್ಲ ಎಲ್‌ಎಎಲ್‌ಗೇ ಗ್ಲೂಕಾನ್ ತಡೆಯೋ ಬಫರ್. ಯಾರಾದ್ರೂ ಟಿಎಲ್‌ಆರ್-4 (ಎಲ್‌ಪಿಎಸ್ ಗುರುತಿಸೋ ರಿಸೆಪ್ಟರ್) ಇಲ್ಲದ ಸೆಲ್ಸ್ ಕೊಟ್ರೆ ಅದಕ್ಕಿಂತ ಒಳ್ಳೇ ಸಾಕ್ಷಿ ಬೇಡ.

ನಿಜವಾಗ್ಲೂ ಕಲ್ಮಶ ಇದೆ ಅಂತಾದ್ರೆ ಕುದಿಸಿ ತೆಗೀತೀನಿ ಅನ್ನೋ ಆಸೆ ಬಿಡಿ, ಎಂಡೋಟಾಕ್ಸಿನ್ ಆಟೋಕ್ಲೇವ್‌ಗೂ ಜಗ್ಗಲ್ಲ. ಗಾಜಿನ ಸಾಮಾನಾದ್ರೆ 250 ಡಿಗ್ರಿ ಒಣಶಾಖದಲ್ಲಿ 30 ನಿಮಿಷ ಬೇಯಿಸಬಹುದು, ಝೈಮೋಸಾನನ್ನ ಹಾಗೆ ಬೇಯಿಸಿದ್ರೆ ಇದ್ದಿಲು. ನೀರು ಯಾವುದು ಬಳಸ್ತಿದ್ದೀರಿ ನೋಡಿ, ಬಹಳ ಸಲ ತಪ್ಪಿತಸ್ಥ ಪುಡಿ ಅಲ್ಲ, ಫಿಲ್ಟರ್ ಬದಲಾಯಿಸದ ವಾಟರ್ ಸಿಸ್ಟಂ.

ಬ್ಲಾಕರ್ ಹಾಕಿದ್ರೂ ಸಿಗ್ನಲ್ ನಿಲ್ತಿಲ್ಲ

ಟಿಎಲ್‌ಆರ್-2 ಆಂಟಿಬಾಡಿ ಹಾಕಿದ್ರಿ, ಅರ್ಧ ಮಾತ್ರ ಇಳೀತು. ಡೆಕ್ಟಿನ್-1ಗೆ ಲ್ಯಾಮಿನಾರಿನ್ (ಅದನ್ನ ತಡೆಯೋಕೆ ಬಳಸೋ, ನೀರಲ್ಲಿ ಕರಗೋ ಬೀಟಾ ಗ್ಲೂಕಾನ್) ಹಾಕಿದ್ರಿ, ಇನ್ನರ್ಧ ಇಳೀತು. ಇದು ದೋಷವೇ ಅಲ್ಲ. ಟಿಎಲ್‌ಆರ್-2 ಝೈಮೋಸಾನನ್ನ ಗುರುತಿಸುತ್ತೆ ಅಂತ ಗೊತ್ತಾಗಿದ್ದು 1999ರಲ್ಲಿ, ಡೆಕ್ಟಿನ್-1 ಬೀಟಾ ಗ್ಲೂಕಾನ್‌ನ ರಿಸೆಪ್ಟರ್ ಅಂತ ಬಂದಿದ್ದು 2001ರಲ್ಲಿ, ಅದಕ್ಕೂ ಮುಂಚಿನ ಪೇಪರ್‌ಗಳಲ್ಲಿ ಸಿಆರ್-3 (ಕಾಂಪ್ಲಿಮೆಂಟ್ ರಿಸೆಪ್ಟರ್) ಮಾತೇ ಜಾಸ್ತಿ. ಮೂರೂ ಕೈ ಹಾಕುತ್ವೆ, ಒಂದನ್ನ ಕಟ್ಟಿದ್ರೆ ಇನ್ನೊಂದು ಎಳೆಯತ್ತೆ. ಡೆಕ್ಟಿನ್-1 ಒಂದನ್ನೇ ನೋಡ್ಬೇಕು ಅಂದ್ರೆ ಬಿಸಿ ಕ್ಷಾರದಲ್ಲಿ ತೊಳೆದ ಡಿಪ್ಲೀಟೆಡ್ ಝೈಮೋಸಾನ್ ತಗೊಳ್ಳಿ, ಅದ್ರಲ್ಲಿ ಟಿಎಲ್‌ಆರ್-2ಕ್ಕೆ ತಾಗೋ ಭಾಗ ಹೋಗಿರತ್ತೆ. ಲ್ಯಾಮಿನಾರಿನ್ ಬಗ್ಗೆ ಹುಷಾರು, ಕೆಲವು ಬ್ಯಾಚ್ ತಡೆಯೋ ಬದಲು ತಾನೇ ಎಬ್ಬಿಸುತ್ತೆ, ಒಂಟಿಯಾಗಿ ಹಾಕಿದ ವೆಲ್ ಒಂದು ಇರ್ಲಿ.

ಮೈಕ್ರೋಸ್ಕೋಪಲ್ಲಿ ನುಂಗಿದ್ದು ಕಾಣತ್ತೆ, ಫ್ಲೋನಲ್ಲಿ ನಂಬರ್ ಬೇರೆ

ಮೇಲೆ ಅಂಟಿದ್ದಕ್ಕೂ ಒಳಗೆ ಹೋಗಿದ್ದಕ್ಕೂ ಫ್ಲೋ ಸೈಟೋಮೀಟರ್ (ಒಂದೊಂದು ಸೆಲ್‌ನ ಹೊಳಪು ಅಳೆಯೋ ಮಷೀನ್) ವ್ಯತ್ಯಾಸ ಹೇಳಲ್ಲ. ಎಫ್‌ಐಟಿಸಿ (ಹಸಿರು ಹೊಳೆಯೋ ಬಣ್ಣ) ಹಚ್ಚಿದ ಕಣ ಆದ್ರೆ ಟ್ರಿಪಾನ್ ಬ್ಲೂ ಹಾಕಿ, ಹೊರಗಿನದು ಆರಿಹೋಗತ್ತೆ. ಐಸ್ ಮೇಲಿಟ್ಟ ಒಂದು ಟ್ಯೂಬ್, ನುಂಗೋದನ್ನ ತಡೆಯೋ ಸೈಟೊಕಲಾಸಿನ್ ಡಿ ಹಾಕಿದ ಒಂದು ಟ್ಯೂಬ್, ಇವೆರಡೂ ಇಲ್ದೆ "ನುಂಗಿತು" ಅಂತ ಬರೀಬೇಡಿ. ಇನ್ನೊಂದು, ಫ್ಯಾಗೋಸೋಮ್ (ನುಂಗಿದ ಕಣ ಕೂರೋ ಚೀಲ) ಹುಳಿ ಆದಂತೆ ಎಫ್‌ಐಟಿಸಿ ಮಂಕಾಗತ್ತೆ. ಒಂದು ಗಂಟೆ ಆದ್ಮೇಲೆ ಸಿಗ್ನಲ್ ಇಳಿದ್ರೆ ಸೆಲ್ಸ್ ಉಗುಳಿದ್ವು ಅಂದ್ಕೋಬೇಡಿ.

ಇಲಿಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ

ಇಲ್ಲಿ ನಿಮ್ಮಷ್ಟಕ್ಕೆ ನೀವೇ ಪ್ರಯೋಗ ಬದಲಾಯಿಸೋ ಹಾಗಿಲ್ಲ, ಡೋಸ್ ಆಗ್ಲಿ ಟೈಮ್ ಆಗ್ಲಿ ಐಎಇಸಿ (ಸಂಸ್ಥೆಯ ಪ್ರಾಣಿ ಎಥಿಕ್ಸ್ ಕಮಿಟಿ) ಒಪ್ಪಿದ್ದಷ್ಟೇ. ಸಾಮಾನ್ಯವಾಗಿ ಇಲಿಮರಿಯಷ್ಟಿರೋ ಮೌಸ್‌ಗೆ ಹೊಟ್ಟೆಯೊಳಗೆ 0.1 ರಿಂದ 1 ಮಿಲಿಗ್ರಾಂ ಕೊಡ್ತಾರೆ, ಕಮ್ಮಿ ಡೋಸ್ ಆದ್ರೆ ಉರಿಯೂತ ತಾನೇ ಬೇಗ ಆರತ್ತೆ, ಜಾಸ್ತಿ ಆದಷ್ಟೂ ಎಳೀತಾ ಹೋಗತ್ತೆ. ನ್ಯೂಟ್ರೋಫಿಲ್ ಬರೋದು ಮೊದಲ ಕೆಲವು ಗಂಟೆಗಳಲ್ಲಿ. ನಾಲ್ಕು ಇಲಿ ಸರಿ ಬಂದು ಒಂದರಲ್ಲಿ ಏನೂ ಇಲ್ಲ ಅಂದ್ರೆ ಸೂಜಿ ಕರುಳಿಗೋ ಚರ್ಮದಡಿಗೋ ಹೋಗಿರತ್ತೆ. ಮೊದಲ ಇಲಿಗೂ ಕೊನೇ ಇಲಿಗೂ ಮೆಲ್ಲಗೆ ಬದಲಾಗ್ತಾ ಹೋಗಿದ್ರೆ, ಹೌದು, ಮತ್ತೆ ಅದೇ, ಸಿರಿಂಜಲ್ಲಿ ಗಸಿ ಕೂತಿದೆ.

ಮೊದಲ ಗಂಟೆಗಳಲ್ಲಿ ಲವಾಜ್‌ನಲ್ಲಿ (ಹೊಟ್ಟೆಯೊಳಗೆ ತೊಳೆದು ತೆಗೆದ ನೀರಲ್ಲಿ) ಮ್ಯಾಕ್ರೋಫೇಜ್ ಸಂಖ್ಯೆ ದಿಢೀರ್ ಬಿದ್ರೆ ಗಾಬರಿ ಬೇಡ, ಅವು ಅಂಟ್ಕೊಂಡು ತೊಳೆಯೋ ನೀರಿಗೆ ಬರ್ತಿಲ್ಲ ಅಷ್ಟೇ, ಎಷ್ಟೋ ದಶಕದಿಂದ ಗೊತ್ತಿರೋ ಸಂಗತಿ. ಆದ್ರೆ ಪ್ರಾಣಿ ಗೂನು ಹಾಕ್ಕೊಂಡು ಕೂತು, ಕೂದಲು ನೆಟ್ಟಗಾಗಿ, ಮುಟ್ಟಿದ್ರೆ ತಣ್ಣಗಿದ್ರೆ ಅಲ್ಲಿಗೆ ನಿಲ್ಲಿಸಿ, ವೆಟ್‌ನ ಕರೀರಿ. ಕೆಜಿಗೆ 500 ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ರೆ ಅಂಗಾಂಗ ವೈಫಲ್ಯ ತರಿಸೋ ಮಾಡೆಲ್ಲೇ ಬೇರೆ ಇದೆ, ಒಂದು ಸೊನ್ನೆ ತಪ್ಪಿದ್ರೆ ಅಲ್ಲಿಗೆ ಹತ್ತಿರ ಹೋಗ್ಬಿಡ್ತೀರಿ. ಲೆಕ್ಕವನ್ನ ಇನ್ನೊಬ್ಬರ ಹತ್ರ ಓದಿಸಿ.

ಇಷ್ಟಾದ್ರೂ ಬಗೆಹರೀಲಿಲ್ಲ ಅಂದ್ರೆ

ಹಳೇ ಲಾಟ್, ಹೊಸ ಲಾಟ್ ಎರಡನ್ನೂ ಒಂದೇ ಪ್ಲೇಟಲ್ಲಿ, ಒಂದೇ ಸೆಲ್ಸ್ ಮೇಲೆ, ಕಣ ಎಣಿಸಿ ಹಾಕಿ. ಹಳೇದು ಕೆಲಸ ಮಾಡಿ ಹೊಸದು ಮಾಡ್ಲಿಲ್ಲ ಅಂದ್ರೆ ಮಾತ್ರ ಸಪ್ಲೈಯರ್‌ಗೆ ಮೇಲ್ ಹಾಕಿ, ಜತೆಗೆ ಲಾಟ್ ನಂಬರ್, ಸ್ಲೈಡ್ ಫೋಟೋ, ಎಲ್‌ಪಿಎಸ್ ಕಂಟ್ರೋಲ್ ರೀಡಿಂಗ್, ಯಾವ ದಿನ ಕುದಿಸಿದ್ದು ಅನ್ನೋದು ಎಲ್ಲಾ ಇರ್ಲಿ. "ನಾಟ್ ವರ್ಕಿಂಗ್" ಅಂತ ಒಂದೇ ಸಾಲು ಬರೆದ್ರೆ ಅವ್ರೂ ಒಂದೇ ಸಾಲು ವಾಪಸ್ ಬರೀತಾರೆ, "ಚೆನ್ನಾಗಿ ವೋರ್ಟೆಕ್ಸ್ ಮಾಡಿ" ಅಂತ.